ಡಬ್ಬಿಯಲ್ಲಿ ಅತ್ತೆಯ ನಿದ್ದೆ

ಕನ್ನಡಕದಂಗಡಿಯವರು ಆ ಟ್ರೇಲರ್ ಕೊಂಡದ್ದೇ ತಪ್ಪು ಎಂದು ಬೀದಿಯವರೆಲ್ಲ ಇವತ್ತಿಗೂ ಹೇಳುತ್ತಾರೆ. ಬೀದಿಯವರಿಗೇನು, ನಾಲಿಗೆಗೆ ಎಲುಬಿಲ್ಲ. ತಪ್ಪು ಅದಲ್ಲ. ಸುಡುಬಿಸಿಲಿನ ಮಧ್ಯಾಹ್ನ ಅದರೊಳಗೆ ಅತ್ತೆಗೆ ನಿದ್ದೆ ಬರಿಸುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟರಲ್ಲ, ಅದು ತಪ್ಪು.

ಟ್ರೇಲರ್ ಎಂದರೆ ದೊಡ್ಡದೇನಲ್ಲ. ಕಾರಿನ ಹಿಂದೆ ಸಿಕ್ಕಿಸಿಕೊಂಡು ಊರೂರು ಸುತ್ತುವ ಪುಟ್ಟ ಚಕ್ರದ ಮನೆ. ತಗಡಿನ ಗೋಡೆ, ಎದುರುಬದುರು ಎರಡು ಮಂಚ, ಮೂಲೆಯಲ್ಲೊಂದು ಒಲೆ, ಆ ಕಡೆ ಈ ಕಡೆ ಕಿಟಕಿ, ಸೂರಿನ ನಡುವೆ ಮುಚ್ಚಳವಿರುವ ಗವಾಕ್ಷಿ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ, ಮಲಗಿದರೆ ಕಾಲು. ಹಳೆಯ ಗಿರಾಕಿಯೊಬ್ಬ ಅದನ್ನು ಒಪ್ಪಿಸುವಾಗ ಯಾಕೋ ಬಹಳ ನಗುತ್ತಿದ್ದ. ಯಾಕೆ ಎಂಬುದು ಬೇಸಿಗೆ ಶುರುವಾದ ಮೇಲೆ ಗೊತ್ತಾಯಿತು. ಬಿಸಿಲಿಗೆ ನಿಲ್ಲಿಸಿದರೆ ಬಾಗಿಲ ಹಿಡಿ ಮುಟ್ಟುವ ಹಾಗಿಲ್ಲ. ಒಳಗೆ ಹೋದವರು ಹೋದದ್ದಕ್ಕಿಂತ ಜೋರಾಗಿ ಹೊರಗೆ ಬರುತ್ತಿದ್ದರು. ಬೀದಿಯವರು ಅದಕ್ಕೆ ಡಬ್ಬಿ ಎಂದು ಹೆಸರಿಟ್ಟರು.

ಆದರೂ ಕನ್ನಡಕದವರಿಗೆ ಆ ಡಬ್ಬಿಯ ಮೇಲೆ ಪ್ರಾಣ. ಕಾರಣ ಭಾವ, ಅಂದರೆ ಹೆಂಡತಿಯ ಅಣ್ಣ. ಪ್ರತಿ ವರ್ಷ ರಜೆ ಬಂತೆಂದರೆ ಅತ್ತೆ, ಹೆಂಡತಿ ಸಮೇತ ಭಾವನ ಮನೆಗೆ ಹೋಗಬೇಕು, ಅದು ಈ ಮನೆಯ ಕಾನೂನು. ಭಾವ ಕೆಟ್ಟವರಲ್ಲ, ಪಾಪ. ಕ್ಲಾರಿನೆಟ್ ಕಲಿಯುತ್ತಿದ್ದರು, ಅಷ್ಟೇ. ತಂಗಿಯ ಮದುವೆಯ ವರ್ಷ ಶುರುಮಾಡಿದ್ದು, ಇನ್ನೂ ಕಲಿಯುತ್ತಲೇ ಇದ್ದರು. ಸಂಜೆಯಾದರೆ ಎದುರಿಗೊಂದು ಕುರ್ಚಿ ಹಾಕಿ, ಸಿಕ್ಕಿದವರನ್ನು ಕೂರಿಸಿ ಊದುತ್ತಿದ್ದರು. ಅತ್ತೆ, ಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ಕೆಲಸವಿದೆ ಎಂದು ಜಾರಿಕೊಳ್ಳುತ್ತಿದ್ದರು. ಸಿಕ್ಕುತ್ತಿದ್ದವರು ಇವರೊಬ್ಬರೇ. ಊದಿ ಮುಗಿಸಿ, ಬೆವರು ಒರೆಸಿಕೊಂಡು, "ಹೇಗಿತ್ತು?" ಎನ್ನುತ್ತಿದ್ದರು ಭಾವ. ಮನೆಯ ಅಳಿಯ ಏನು ಹೇಳಬೇಕು? "ಬಹಳ ಚೆನ್ನಾಗಿತ್ತು" ಎನ್ನುತ್ತಿದ್ದರು. ಆ ಪುಣ್ಯಕ್ಕೆ ಭಾವ ಮತ್ತೊಂದು ಊದುತ್ತಿದ್ದರು. ಈ ವರ್ಷವೂ ಆ ಕುರ್ಚಿಯಲ್ಲಿ ಕೂತರೆ ತಮಗೆ ಹುಚ್ಚು ಹಿಡಿಯುವುದು ಖಂಡಿತ ಎಂದು ಕನ್ನಡಕದವರಿಗೆ ಅನ್ನಿಸಿತ್ತು.

"ಈ ಸಲ ಟ್ರೇಲರ್ ಕಟ್ಕೊಂಡು ಸರೋವರದ ದಂಡೆಗೆ ಹೋಗೋಣ ಕಣೇ" ಎಂದರು ಹೆಂಡತಿಗೆ.

ಹೆಂಡತಿ ಶಾಲೆಯಲ್ಲಿ ಟೀಚರು. ಲೋಕವನ್ನೆಲ್ಲ ಪಾಸು, ಫೇಲು ಎಂದು ಎರಡೇ ಭಾಗ ಮಾಡಿ ನೋಡುವ ಹೆಂಗಸು. "ಆ ಡಬ್ಬೀಲಾ? ಅಮ್ಮ ಬೆಂದುಹೋಗ್ತಾಳೆ" ಎಂದರು.

"ನಾನು ತಂಪು ಮಾಡ್ತೀನಿ."

"ಮಾಡಿ ತೋರಿಸಿ. ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಅಮ್ಮ ಅದರೊಳಗೆ ಮಲಗ್ತಾಳೆ. ನಿದ್ದೆ ಬಂದ್ರೆ ಪಾಸು, ಸೋಮವಾರ ಬೆಳಿಗ್ಗೆ ಸರೋವರ. ಬೆವರಿ ಎದ್ದುಬಂದ್ರೆ ಫೇಲು, ಅಣ್ಣನ ಮನೆ. ಗ್ರೇಸ್ ಮಾರ್ಕ್ಸ್ ಕೇಳಬೇಡಿ."

"ನನಗೇನಪ್ಪ, ಎಲ್ಲಾದ್ರೂ ಒಂದು ಮೂಲೇಲಿ ಬಿದ್ದಿರ್ತೀನಿ" ಎಂದು ಅತ್ತೆ ಒಳಗಿನಿಂದ ಹೇಳಿದರು. ಹಾಗೆ ಹೇಳುವವರು ಮೂಲೆಯಲ್ಲಿ ಬಿದ್ದಿದ್ದನ್ನು ಯಾರಾದರೂ ಕಂಡಿದ್ದಾರೆಯೇ?

ಭಾನುವಾರ ಬೆಳಿಗ್ಗೆ ಕನ್ನಡಕದವರು ಕೋಳಿಗಿಂತ ಮುಂಚೆ ಎದ್ದರು. ಮನೆಯ ಪಕ್ಕದ ಖಾಲಿ ಜಾಗದಲ್ಲಿ ಒಂದು ಮರವಿತ್ತು. ಬೇಸಿಗೆಗೆ ಅರ್ಧ ಎಲೆ ಉದುರಿಸಿಕೊಂಡಿದ್ದರೂ ಮರ ಮರವೇ. ಅದರ ನೆರಳು ಎಲ್ಲಿ ದಟ್ಟವಾಗಿದೆ ನೋಡಿ ಡಬ್ಬಿಯನ್ನು ಅಲ್ಲಿಗೆ ತಂದು ನಿಲ್ಲಿಸಿದರು. ಗೋಡೆ ಮುಟ್ಟಿ ನೋಡಿದರು, ತಣ್ಣಗಿತ್ತು. ಇಷ್ಟೇ ತಾನೇ ಎಂದುಕೊಂಡು ಮನೆಯೊಳಗೆ ಹೋಗಿ ನಿಧಾನವಾಗಿ ತಿಂಡಿ ತಿಂದು, ಪೇಪರು ಓದಿ, ಗಡ್ಡ ಕೆರೆದುಕೊಂಡು ಹೊರಗೆ ಬಂದರೆ ನೆರಳು ನಾಪತ್ತೆ. ಡಬ್ಬಿ ನಡು ಬಿಸಿಲಲ್ಲಿ ಫಳಫಳ ಹೊಳೆಯುತ್ತಿತ್ತು.

"ಏನ್ರೀ ಇದು? ನೆರಳೇನು ನಿಮ್ಮ ಮನೆ ಆಳಾ, ನಿಲ್ಲಿಸಿದ ಕಡೆ ನಿಂತಿರೋಕೆ?" ಎಂದು ಬೇಲಿಯಾಚೆಯಿಂದ ದನಿ ಬಂತು. ಪಕ್ಕದ ಮನೆಯ ಡ್ರಿಲ್ ಮಾಸ್ತರು. ನಿವೃತ್ತರಾಗಿ ವರ್ಷಗಳೇ ಆಗಿದ್ದರೂ ಕೊರಳಲ್ಲಿ ಸೀಟಿ ಹಾಗೇ ಇತ್ತು. "ಮಧ್ಯಾಹ್ನಕ್ಕೆ ನೆರಳು ಮರದ ಆ ಕಡೆ ಬರುತ್ತೆ. ತಳ್ಳಿ, ತಳ್ಳಿ! ನಾನು ಲೆಕ್ಕ ಹೇಳ್ತೀನಿ. ಎಡ, ಬಲ!"

ಕನ್ನಡಕದವರು ಡಬ್ಬಿ ತಳ್ಳಿದರು. ಮಾಸ್ತರು ಎಡ ಬಲ ಹೇಳಿದರು. ಮರದ ಆ ಕಡೆ ಹೊಸದಾಗಿ ಮಣ್ಣು ತುಂಬಿಸಿದ್ದರು, ಕಾಲಿಟ್ಟರೆ ಮೆತ್ತಗೆ. ಚಕ್ರ ಉರುಳಿಸುವಷ್ಟರಲ್ಲಿ ಕನ್ನಡಕದವರ ಅಂಗಿ ಒಗೆದು ಹಾಕಿದ ಹಾಗೆ ಒದ್ದೆಯಾಯಿತು. ಮಧ್ಯಾಹ್ನದ ನೆರಳು ಅಲ್ಲಿಗೆ ಬರುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಅಲ್ಲಿಯೂ ಬಿಸಿಲೇ.

ಆಗ ಅವರ ತಲೆಗೆ ಆ ಹಾಳು ಉಪಾಯ ಹೊಳೆಯಿತು. ಅಂಗಡಿಯಲ್ಲಿ ಕನ್ನಡಿಗಳಿದ್ದವಲ್ಲ, ಗಿರಾಕಿಗಳು ಹೊಸ ಕನ್ನಡಕ ಹಾಕಿಕೊಂಡು ಮುಖ ನೋಡಿಕೊಳ್ಳುವಂಥವು! ಅಷ್ಟನ್ನೂ ಹೊತ್ತು ತಂದು, ಬಿಸಿಲು ಬೀಳುವ ಕಡೆ ಡಬ್ಬಿಗೆ ಸಾಲಾಗಿ ಒರಗಿಸಿದರು. ಬಿಸಿಲು ಕನ್ನಡಿಗೆ ಬಡಿದು ವಾಪಸು ಹೋಗಬೇಕು, ಗೋಡೆಗೆ ತಾಗಲೇಬಾರದು. ಹೋಗಿಯೂ ಹೋಯಿತು. ಎಲ್ಲಿಗೆ ಹೋಯಿತು ಎಂದು ಮಾತ್ರ ನೋಡಲಿಲ್ಲ. ಬೆಳಕು ಎಲ್ಲಿ ಬಡಿದು ಎಲ್ಲಿಗೆ ತಿರುಗುತ್ತದೆ ಎಂಬುದರ ಮೇಲೇ ಜೀವನ ಮಾಡಿಕೊಂಡು ಬಂದ ಮನುಷ್ಯ, ನೋಡಿ!

ಅದು ಹೋದದ್ದು ಎದುರು ಮನೆಯ ಮಹಡಿಗೆ. ಅಲ್ಲಿ ಮೇಣದಕ್ಕ ಇದ್ದರು. ಮೇಣದ ಬತ್ತಿ ಮಾಡಿ ಮಾರುವವರು. ಅವರ ಬಾಲ್ಕನಿಗೆ ಬಿಸಿಲು ಬೀಳುವುದೇ ಇಲ್ಲ, ಅದಕ್ಕೇ ಹೊಸ ಬತ್ತಿಗಳನ್ನು ನಿಲ್ಲಿಸಿ ಆರಲು ಬಿಡುವುದು ಅಲ್ಲಿ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ಚೀತ್ಕಾರ ಕೇಳಿತು. ಆಮೇಲೆ ಮೆಟ್ಟಿಲ ಮೇಲೆ ಧಡಧಡ ಸದ್ದು. ಮೇಣದಕ್ಕ ಎರಡೂ ಕೈಯಲ್ಲಿ ಬತ್ತಿ ಹಿಡಿದುಕೊಂಡು ಬಂದು ನಿಂತರು. ಬತ್ತಿಗಳೆಲ್ಲ ಹಿರಿಯರ ಕಾಲಿಗೆ ಬೀಳುವ ಮದುಮಕ್ಕಳ ಹಾಗೆ ಬಾಗಿದ್ದವು.

"ಇದೇನು ನೋಡಿ! ಇದನ್ನ ಯಾರು ಹಚ್ತಾರೆ? ನಿಮ್ಮ ಡಬ್ಬಿ ತಂಪಾಗೋಕೆ ನನ್ನ ಮನೆ ಒಲೆ ಆಗ್ಬೇಕಾ?"

"ತಪ್ಪಾಯ್ತು ಅಕ್ಕ, ಸ್ವಲ್ಪ ಓರೆ ಮಾಡ್ತೀನಿ" ಎಂದು ಕನ್ನಡಕದವರು ಕನ್ನಡಿಯೊಂದನ್ನು ತಿರುಗಿಸಿದರು. ಬೆಳಕು ಮೇಣದಕ್ಕನ ಮನೆ ಬಿಟ್ಟು, ಬೀದಿ ದಾಟಿ, ಮೂಲೆಮನೆಯ ಜಗುಲಿಯಲ್ಲಿ ಕೂತಿದ್ದವರ ಬೋಳುತಲೆಯ ಮೇಲೆ ಇಳಿಯಿತು. ಅವರು ತಲೆ ಮುಟ್ಟಿಕೊಂಡು ಎದ್ದರು. ಮೈನಸ್ ಮಾವ.

ಮೈನಸ್ ಮಾವ ದೊಡ್ಡ ಶೀತಲ ಗೋದಾಮಿನಲ್ಲಿ ಮೇಲ್ವಿಚಾರಕರಾಗಿದ್ದವರು. ಯಾವ ಮಾತು ತೆಗೆದರೂ "ನಮ್ಮಲ್ಲಿ ಮೈನಸ್ ಹದಿನೆಂಟು" ಎಂದೇ ಶುರುಮಾಡುತ್ತಿದ್ದರಿಂದ ಆ ಹೆಸರು. ಅವರು ಬಂದು ಡಬ್ಬಿಯನ್ನು ಒಂದು ಸುತ್ತು ಹಾಕಿ, ಕನ್ನಡಕದವರನ್ನು ಮರುಕದಿಂದ ನೋಡಿದರು. "ನಮ್ಮಲ್ಲಿ ಮೈನಸ್ ಹದಿನೆಂಟು. ಹೇಗೆ ಇಟ್ಕೊಂಡಿದ್ವಿ ಗೊತ್ತಾ? ಬಾಗಿಲು ಮುಚ್ಚಿ! ಸೂಜಿ ತೂರೋಷ್ಟು ಸಂದೂ ಇರಬಾರದು. ಎಲ್ಲಾ ಮುಚ್ಚಿ."

"ಮುಚ್ಚಿದ್ರೆ ಒಳಗಿರೋರು ಸಾಯ್ತಾರೆ ರೀ" ಎಂದು ಡ್ರಿಲ್ ಮಾಸ್ತರು ಬೇಲಿ ಹಾರಿ ಬಂದರು. "ಗಾಳಿ ಆಡಬೇಕು. ಎಲ್ಲಾ ತೆಗೀರಿ!"

ಮಾಸ್ತರು ಒಳಗೆ ನುಗ್ಗಿ ಎಡಗಿಟಕಿ ತೆಗೆದರು. ಮಾವ ಅವರ ಹಿಂದೆಯೇ ನುಗ್ಗಿ ಅದನ್ನು ಮುಚ್ಚಿದರು. ಮಾಸ್ತರು ಬಲಗಿಟಕಿ ತೆಗೆದರು. ಮಾವ ಅದನ್ನೂ ಮುಚ್ಚಿದರು. "ತೆಗೀರಿ!" "ಮುಚ್ರೀ!" ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುವ ಹಾಗೆ ನಡುವೆ ಸಿಕ್ಕಿಕೊಂಡ ಕನ್ನಡಕದವರು, "ಸ್ವಾಮಿ, ನನ್ನ ಕಿಟಕಿ, ನನ್ನ ಕಿಟಕಿ" ಎನ್ನುತ್ತಿದ್ದರು. ಅವರ ಮಾತು ಯಾರಿಗೆ ಬೇಕು? ಕಿಟಕಿಯಲ್ಲಿ ಸೋತ ಮಾಸ್ತರು ಮಂಚದ ಮೇಲೆ ಮಂಡಿಯೂರಿ ಗವಾಕ್ಷಿಗೆ ಕೈಹಾಕಿದರು. ಮಾವ ಮಾಸ್ತರ ಸೊಂಟ ಹಿಡಿದು ಎಳೆದರು. ಮಾಸ್ತರು ಕೆಳಗೆ ಬಂದರು. ಕೈಯಲ್ಲಿ ಗವಾಕ್ಷಿಯ ಮುಚ್ಚಳವೂ ಬಂತು.

ಮೂವರೂ ತಲೆಯೆತ್ತಿ ನೋಡಿದರು. ಸೂರಿನ ನಡುವೆ ಚೌಕಾಕಾರದ ಆಕಾಶ. ಅದರ ನಡುವಿನಿಂದ ಸೂರ್ಯ ನೇರವಾಗಿ ಮಂಚದ ಮೇಲೆ ಬಿದ್ದಿದ್ದ, ಅತ್ತೆ ತಲೆಯಿಡಬೇಕಾದ ಜಾಗಕ್ಕೆ ಸರಿಯಾಗಿ.

"ಗಾಳಿ ಈಗ ಚೆನ್ನಾಗಿ ಆಡುತ್ತೆ" ಎಂದರು ಮಾಸ್ತರು, ಮುಚ್ಚಳವನ್ನು ಮೆಲ್ಲಗೆ ಮಂಚದ ಕೆಳಗೆ ಸರಿಸುತ್ತ.

ಕನ್ನಡಕದವರು ಮೆಟ್ಟಿಲ ಮೇಲೆ ಕುಸಿದು ಕೂತರು. ಅಳು ಬರುವುದೊಂದು ಬಾಕಿ. ಕಿವಿಯಲ್ಲಿ ಕ್ಲಾರಿನೆಟ್ಟು ಈಗಲೇ ಕೇಳತೊಡಗಿತ್ತು. ಮನೆಯೊಳಗಿನಿಂದ ಹೆಂಡತಿಯ ದನಿ ಬಂತು. "ರೀ, ಅಡುಗೆ ಆಗ್ತಾ ಬಂತು. ಅಮ್ಮ ಊಟಕ್ಕೆ ಕೂರ್ತಾಳೆ. ನಿಮ್ದು ತಯಾರಾಯ್ತಾ?"

"ಆಯ್ತಾ ಬಂತು!" ಎಂದು ಕೂಗಿದ ಸುಳ್ಳಿಗೆ ಅವರ ದನಿಯೇ ಒಡೆಯಿತು.

ಆ ದನಿ ಕೇಳಿ ಮೈನಸ್ ಮಾವನ ಕರುಳು ಚುರುಕ್ ಎಂದಿರಬೇಕು. ಫೋನ್ ತೆಗೆದು ತಮ್ಮ ಹಳೆಯ ಗೋದಾಮಿಗೆ ಎರಡು ಮಾತು ಗದರಿದರು. ಬಹಳ ಹೊತ್ತಾಗಲಿಲ್ಲ, ಮರದ ಹೊಟ್ಟಿನಲ್ಲಿ ಸುತ್ತಿದ ಒಂದು ಮಂಜುಗಡ್ಡೆ ಕೈಗಾಡಿಯಲ್ಲಿ ಬಂತು. ಗಡ್ಡೆಯೆಂದರೆ ಗಡ್ಡೆ, ಒಂದು ಟ್ರಂಕಿನಷ್ಟಿತ್ತು. ಎಲ್ಲರೂ ಸೇರಿ ಅದನ್ನು ಸೂರಿನ ಮೇಲಕ್ಕೆ ಏರಿಸಿ ಗವಾಕ್ಷಿಯ ತೂತಿನ ಮೇಲೆ ಕೂರಿಸಿದರು. ಸೂರ್ಯ ಮುಚ್ಚಿಹೋದ. ಮಾವನಿಗೆ ಸಂದು ಮುಚ್ಚಿದ ತೃಪ್ತಿ, ಮಾಸ್ತರಿಗೆ ಕಿಟಕಿ ಒಂದಿಷ್ಟೇ ತೆರೆದ ತೃಪ್ತಿ.

"ಅದು ಬಿಸಿಲಿಗೆ ಕರಗಿಹೋಗಲ್ವಾ? ಕರಗೋದು ಅಂದ್ರೇನು ಅಂತ ನನ್ನ ಕೇಳಿ" ಎಂದರು ಮೇಣದಕ್ಕ. ಬಾಗಿದ ಬತ್ತಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಇನ್ನೂ ಅಲ್ಲೇ ನಿಂತಿದ್ದರು. "ಮೊದಲು ಆ ಕನ್ನಡಿ ತೆಗೀರಿ. ನೀರು ನಾನು ಕೊಡ್ತೀನಿ."

ಮನೆಗೆ ಹೋಗಿ ಗೋಣಿಚೀಲಗಳನ್ನೂ ಉದ್ದನೆಯ ಪೈಪನ್ನೂ ತಂದರು. ಗಡ್ಡೆಗೆ ಗೋಣಿ ಹೊದಿಸಿದರು, ಸೂರಿಗೆ ಗೋಣಿ ಹೊದಿಸಿದರು, ಗೋಡೆಗೂ ಗೋಣಿ ಇಳಿಬಿಟ್ಟರು. ಪೈಪನ್ನು ಮರದ ಕೊಂಬೆಗೆ ಕಟ್ಟಿ ಸೂರಿನ ಮೇಲೆ ನೀರು ಬಿಟ್ಟರು. ಒಳಗೆ ಗಡ್ಡೆಯಿಂದ ತೊಟ್ಟಿಕ್ಕುವ ನೀರಿಗೆ ಕನ್ನಡಕದವರು ಒಂದು ಬೋಗುಣಿ ಇಟ್ಟರು. ಮನೆಯಿಂದ ವೈರು ಎಳೆದು, ಆ ತಣ್ಣೀರಿನ ಮೇಲೆ ಬೀಸುವ ಹಾಗೆ ಟೇಬಲ್ ಫ್ಯಾನು ಹಚ್ಚಿದರು. ಅಷ್ಟು ಹೊತ್ತಿಗೆ ಮರದ ನೆರಳೂ ಕೃಪೆಮಾಡಿ ಈ ಕಡೆ ಬಂತು.

ಕನ್ನಡಕದವರು ಒಳಗೆ ಕಾಲಿಟ್ಟವರು ಹಾಗೇ ನಿಂತರು. ತಂಪು! ಬೆಳಗಿನಿಂದ ಸುಟ್ಟ ಮೈಗೆ ಯಾರೋ ಮಜ್ಜನ ಮಾಡಿಸಿದ ಹಾಗಾಯಿತು. ಕನ್ನಡಕದ ಗಾಜಿನ ಮೇಲೆ ಮಂಜು ಕೂತು ಏನೂ ಕಾಣದಾಯಿತು. ಒರೆಸಿಕೊಂಡು ನೋಡಿದರೆ ಬಾಗಿಲಲ್ಲಿ ಅತ್ತೆ ದಿಂಬು ಹಿಡಿದು ನಿಂತಿದ್ದರು.

"ನನಗೇನಪ್ಪ, ಎಲ್ಲಾದ್ರೂ ಸರಿ" ಎಂದು ಗೊಣಗುತ್ತ ಅತ್ತೆ ಒಳಗೆ ಹೋಗಿ ಮಲಗಿದರು. ಹೆಂಡತಿ ಬಾಗಿಲು ಹಾಕಿ, ಪರೀಕ್ಷಾ ಕೊಠಡಿಯ ಮುಂದೆ ನಿಲ್ಲುವ ಹಾಗೆ ಕೈಕಟ್ಟಿ ನಿಂತರು. ಬೀದಿಯೇ ಉಸಿರು ಹಿಡಿದು ನಿಂತಿತ್ತು. ಕನ್ನಡಕದವರು ಒದ್ದೆ ಗೋಣಿಗೆ ಕಿವಿಯಿಟ್ಟರು. ಒಂದು ಕೆಮ್ಮು. ಮಂಚದ ಕಿರ್ ಕಿರ್. ಏನೋ ಗೊಣಗಾಟ. ಆಮೇಲೆ ಏನೂ ಇಲ್ಲ. ಆಮೇಲೆ, ದೂರದಲ್ಲೆಲ್ಲೋ ಗರಗಸ ಎಳೆದ ಹಾಗೆ, ಮೆಲ್ಲಗೆ, ನಿಧಾನವಾಗಿ, ಗೊರ್ರ್...

"ಗೊರಕೆ!" ಎಂದು ಕನ್ನಡಕದವರು ಪಿಸುಗುಟ್ಟಿದರು. ಅಷ್ಟು ವರ್ಷ ಗೋಡೆಯಾಚೆಯಿಂದ ಕೇಳಿ ಶಪಿಸಿದ ಗೊರಕೆಯೇ ಅದು. ಇವತ್ತು ಕಣ್ಣಲ್ಲಿ ನೀರು ತರಿಸಿತು.

"ನಾಟಕ ಇರಬಹುದು, ನೋಡ್ಕೊಂಡು ಬರ್ತೀನಿ" ಎಂದು ಹೆಂಡತಿ ಒಳಗೆ ಹೋದರು. ಬರಲಿಲ್ಲ. "ಏನಾಯ್ತು ಇವಳಿಗೆ?" ಎಂದು ಮೇಣದಕ್ಕ ಹೋದರು. ಅವರೂ ಬರಲಿಲ್ಲ. "ಉಷ್ಣಾಂಶ ಎಷ್ಟಿದೆ ನೋಡ್ಬೇಕು" ಎಂದು ಮಾವ ಹೋದರು. "ಗಾಳಿ ಆಡ್ತಿದೆಯೋ ಇಲ್ವೋ" ಎಂದು ಮಾಸ್ತರು ಹೋದರು. ಹೊರಗೆ ಉಳಿದವರು ಡಬ್ಬಿಯ ಯಜಮಾನರೊಬ್ಬರೇ. ನೆತ್ತಿ ಸುಡುತ್ತಿತ್ತು. ತಾವೂ ಹೋಗೋಣವೆಂದು ಬಾಗಿಲು ತೆಗೆದರೆ ಒಳಗೆ ಕಾಲಿಡಲು ಜಾಗವಿಲ್ಲ.

"ಬಾಗಿಲು ಹಾಕ್ರೀ! ತಂಪೆಲ್ಲ ಹೋಗುತ್ತೆ!" ಎಂದು ಎಲ್ಲರೂ ಒಟ್ಟಿಗೆ ಅರಚಿದರು. ಕಿಟಕಿ ತೆಗೀರಿ ಎಂದು ಕುಸ್ತಿಗೆ ಬಿದ್ದಿದ್ದ ಮಾಸ್ತರದೇ ಎಲ್ಲಕ್ಕಿಂತ ದೊಡ್ಡ ದನಿ.

ಆ ಕ್ಷಣಕ್ಕೇ ಕೆಳಗಿನಿಂದ ಗುಳುಕ್ ಎಂದಿತು. ಡಬ್ಬಿ ಒಮ್ಮೆ ನಿಟ್ಟುಸಿರು ಬಿಟ್ಟು ಒಂದು ಮಗ್ಗುಲಿಗೆ ವಾಲಿತು. ಮೆತ್ತನೆ ಮಣ್ಣು, ಅದರ ಮೇಲೆ ಮಧ್ಯಾಹ್ನವೆಲ್ಲ ಪೈಪಿನ ನೀರು, ಅದರ ಮೇಲೆ ಇಡೀ ಬೀದಿ. ಚಕ್ರಗಳು ಅಚ್ಚಿನವರೆಗೆ ಕೆಸರಲ್ಲಿ ಹೂತುಹೋದವು. ಒಳಗಿದ್ದವರು ಭೂಕಂಪವೆಂದು ಕಿರುಚುತ್ತ ಒಬ್ಬರ ಮೇಲೊಬ್ಬರು ಹೊರಗೆ ಉರುಳಿದರು. ಅತ್ತೆ ಮಾತ್ರ ಮಗ್ಗುಲು ಬದಲಿಸಿ ಗೊರಕೆ ಮುಂದುವರಿಸಿದರು.

ಕನ್ನಡಕದವರು ಓಡಿಹೋಗಿ ಕಾರು ತಂದು, ಹಿಂದಕ್ಕೆ ಬಿಟ್ಟು, ಡಬ್ಬಿಗೆ ಸಿಕ್ಕಿಸಿ ಎಳೆದರು. ಕಾರಿನ ಚಕ್ರ ಗಿರ್ರನೆ ಸುತ್ತಿ, ಹಿಂದೆ ನಿಂತು ಎಡ ಬಲ ಹೇಳುತ್ತಿದ್ದ ಮಾಸ್ತರಿಗೆ ಅಡಿಯಿಂದ ಮುಡಿಯವರೆಗೆ ಕೆಸರು ಬಳಿಯಿತು. ಡಬ್ಬಿ ಮೇಲೆ ಬರುವ ಬದಲು ಇನ್ನೊಂದು ಗೇಣು ಕೆಳಗೆ ಹೋಯಿತು.

"ಬಿಡಿ, ಇದು ಈಗ ಕೀಳೋದಲ್ಲ" ಎಂದರು ಮಾಸ್ತರು, ಬಾಯಿಂದ ಮಣ್ಣು ಉಗಿದು. "ನೀರು ನಿಲ್ಲಿಸಿ ಮಣ್ಣು ಪೂರ್ತಿ ಆರೋಕೆ ಬಿಡಬೇಕು. ನಿಮ್ಮ ರಜೆ ಮುಗಿಯೋ ಹೊತ್ತಿಗೆ ಆರಬಹುದು."

ಹೆಂಡತಿ ಸೆರಗು ಸರಿಮಾಡಿಕೊಂಡು ಬಂದರು. ಮುಖ ಅರಳಿತ್ತು. "ಪಾಸು ಕಣ್ರೀ. ಅಮ್ಮ ಇಷ್ಟು ಸುಖವಾಗಿ ಮಲಗಿದ್ದನ್ನ ನಾನು ನೋಡೇ ಇಲ್ಲ."

"ಪಾಸಾಗಿ ಏನು ಬಂತು? ಸರೋವರಕ್ಕೆ ಇದನ್ನ ಹೊತ್ಕೊಂಡು ಹೋಗ್ಲಾ?" ಎಂದು ಕನ್ನಡಕದವರು ಸಿಡಿದರು. ಸಿಡಿದವರಿಗೇ ತಟ್ಟನೆ ಒಂದು ಸಂಗತಿ ಹೊಳೆದು ದನಿ ಇಳಿಸಿದರು. "ಅಂದ್ರೆ, ನಿಮ್ಮಣ್ಣನ ಮನೆಗೂ ಹೋಗೋದಿಲ್ಲ ತಾನೇ?"

"ಛೇ, ಮಾತು ಅಂದ್ರೆ ಮಾತು. ಅಣ್ಣನ ಮನೆಗೆ ಯಾರೂ ಹೋಗಲ್ಲ."

ಕನ್ನಡಕದವರ ಎದೆಯ ಮೇಲಿನ ಕಲ್ಲು ಇಳಿಯಿತು. ಸರೋವರ ಹಾಳಾಗಿ ಹೋಗಲಿ. ರಜೆಯೆಲ್ಲ ತಮ್ಮ ಮನೆಯಲ್ಲಿ, ತಮ್ಮ ಕುರ್ಚಿಯಲ್ಲಿ, ಸದ್ದಿಲ್ಲದೆ! ಬಿಸಿಲಿಗೆ ಬಾಡಿದ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗು ಮೂಡಿತು. ಗೋಣಿ ಹೊದ್ದು ವಾಲಿ ನಿಂತ ಡಬ್ಬಿಯನ್ನು ಪ್ರೀತಿಯಿಂದ ತಟ್ಟಿದರು.

ಕಿಟಕಿಯಲ್ಲಿ ಅತ್ತೆಯ ಮುಖ ಕಾಣಿಸಿತು. ಎದ್ದು ಎಷ್ಟು ಹೊತ್ತಾಗಿತ್ತೋ, ಕೈಯಲ್ಲಿ ಫೋನಿತ್ತು. "ಅಳಿಯಂದ್ರೇ, ನೀವು ನೂರು ವರ್ಷ ಬಾಳಿ. ಇದು ಸ್ವರ್ಗ. ಈಗ ತಾನೇ ಮಗನ ಜೊತೆ ಮಾತಾಡಿದೆ. ಅಲ್ಲಿ ಬಿಸಿಲಿಗೆ ಪಾಪ ಬಾಯಿ ಒಣಗಿ ಊದೋಕೇ ಆಗ್ತಿಲ್ವಂತೆ. ನಮ್ಮ ಅಳಿಯ ತಂಪು ಮಾಡಿಟ್ಟಿದ್ದಾರೆ, ರಜೆ ಪೂರ್ತಿ ಇಲ್ಲೇ ಬಂದಿರು ಅಂದೆ. ಇವತ್ತಿನ ಬಸ್ಸಿಗೇ ಹೊರಟ."

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಎಂದಂತಾಯಿತು. ಡಬ್ಬಿಯ ಮೇಲಿಟ್ಟ ಕೈ ಅಲ್ಲೇ ಉಳಿಯಿತು.

"ಅವರು ಮಲಗೋದು ಎಲ್ಲಿ? ಡಬ್ಬೀಲಾ?" ಎಂದರು ಕ್ಷೀಣವಾಗಿ.

"ಡಬ್ಬೀಲಿ ನಾನು, ಅಮ್ಮ" ಎಂದರು ಹೆಂಡತಿ. "ಈ ಗೋಣಿ ಹೊದಿಸಿದ್ದಕ್ಕೆ ಬಾಗಿಲು ಹಾಕ್ಕೊಂಡ್ರೆ ಹೊರಗಿನ ಒಂದು ಸದ್ದೂ ಕೇಳಲ್ಲ ರೀ, ಗೊತ್ತಾ? ನೀವು, ಅಣ್ಣ ಮನೇಲಿ ಹಾಯಾಗಿರಿ."

"ಇನ್ನೊಂದು ಮಾತು ಮರೆತೆ" ಎಂದರು ಅತ್ತೆ, ಕಿಟಕಿಯಿಂದ ಇನ್ನಷ್ಟು ಹೊರಗೆ ಬಾಗಿ. "ಅವನ ಹಳೇ ಕ್ಲಾರಿನೆಟ್ಟು ನಿಮಗೆ ಅಂತ ತರ್ತಿದ್ದಾನೆ. ಇಷ್ಟು ವರ್ಷ ಮನಸ್ಸಿಟ್ಟು ಕೇಳಿದೋರು ನೀವೊಬ್ಬರೇ ಅಂತೆ. ಈ ರಜೇಲಿ ಎರಡು ಹೊತ್ತೂ ಕೂರಿಸ್ಕೊಂಡು ನಿಮಗೆ ಕಲಿಸಿಯೇ ಹೋಗ್ತಾನಂತೆ."

ಕನ್ನಡಕದವರು ಉಸಿರು ಬಿಡುವುದನ್ನೇ ಮರೆತು ನಿಂತರು. ಡ್ರಿಲ್ ಮಾಸ್ತರು ಕೆಸರುಗೈಯಿಂದಲೇ ಅವರ ಬೆನ್ನು ತಟ್ಟಿದರು.

"ಹಾಗೆ ಹಿಡ್ಕೋಬೇಡಿ. ದೀರ್ಘವಾಗಿ ಎಳ್ಕೊಳ್ಳಿ, ನಿಧಾನವಾಗಿ ಬಿಡಿ. ಊದೋಕೆ ಬೇಕಾಗುತ್ತೆ."